ಕಡಲಿಗೆ ಕಲ್ಲು ಸುರಿಯುವ ಮೊದಲು ದಂಡೆಯವರನ್ನು ಕೇಳಿ

ಜೂನ್ ಬಂದರೆ ಕರಾವಳಿಯ ಸುದ್ದಿ ಪ್ರತಿವರ್ಷ ಒಂದೇ. ತೆಂಗಿನಮರ ಬುಡಸಮೇತ ಕಡಲಿಗೆ ಬಿತ್ತು, ರಸ್ತೆ ಕಿತ್ತುಹೋಯಿತು, ಮನೆ ಖಾಲಿ ಮಾಡಿಸಿದರು. ದೊಡ್ಡವರು ಛತ್ರಿ ಹಿಡಿದು ಬಂದು ನೋಡಿ ಹೋಗುತ್ತಾರೆ. ಆಮೇಲೆ ಟಿಪ್ಪರ್‌ಗಳು ಸಾಲುಗಟ್ಟಿ ಕಪ್ಪು ಕಲ್ಲು ತಂದು ಸುರಿಯುತ್ತವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರಲ್ಲಿ ಎಷ್ಟೋ ಕಲ್ಲು ಮರಳೊಳಗೆ ಹೂತಿರುತ್ತದೆ.

ಕಲ್ಲೇ ಬೇಡ ಎಂದು ನಾವು ಹೇಳುತ್ತಿಲ್ಲ. ಅಲೆ ಅಂಗಳಕ್ಕೆ ನುಗ್ಗಿದವರಿಗೆ ಗಿಡ ನೆಡಿ ಅನ್ನುವುದು ಕ್ರೂರ. ಆದರೆ ಎಲ್ಲ ದಂಡೆಗೂ ಕಲ್ಲೇ ಮದ್ದು ಎಂಬುದನ್ನು ನಾವು ಒಪ್ಪುವುದಿಲ್ಲ.

ದಂಡೆಯ ಮರಳು ಒಂದೇ ಕಡೆ ನಿಲ್ಲುವಂಥದ್ದಲ್ಲ. ಮಳೆಗಾಲದ ಅಲೆ ಅದನ್ನು ಕಡಲೊಳಗೆ ಎಳೆದುಕೊಳ್ಳುತ್ತದೆ, ಮಳೆ ಕಳೆದ ಮೇಲೆ ಸಣ್ಣ ಅಲೆಗಳು ವಾಪಸ್ ತರುತ್ತವೆ. ದಂಡೆಯ ಉದ್ದಕ್ಕೂ ಮರಳು ಸಾಗುತ್ತಿರುತ್ತದೆ. ಗೋಡೆಗೆ ಬಡಿದ ಅಲೆ ಹಿಂದೆ ಸರಿಯುವಾಗ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಇನ್ನೂ ಜೋರು. ಒಬ್ಬರ ಮನೆ ಉಳಿಯುತ್ತದೆ, ಪಕ್ಕದವರ ತೋಟ ಹೋಗುತ್ತದೆ.

ಉಳ್ಳಾಲದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 1990ರ ದಶಕದಲ್ಲಿ ನೇತ್ರಾವತಿ-ಗುರುಪುರ ನದಿಗಳ ಅಳಿವೆಬಾಗಿಲಲ್ಲಿ ಬ್ರೇಕ್‌ವಾಟರ್ ಕಟ್ಟಿದ ಮೇಲೆ ಉತ್ತರದ ಬೆಂಗ್ರೆಯಲ್ಲಿ ಮರಳು ತುಂಬಿತು, ದಕ್ಷಿಣದ ಉಳ್ಳಾಲದಲ್ಲಿ ದಂಡೆ ಕರಗಿತು. ಮುಂದೆ ಎಡಿಬಿ ಸಾಲದಲ್ಲಿ ಉಳ್ಳಾಲದ ಕಡಲೊಳಗೆ ಅಲೆ ಮುರಿಯುವ ರೀಫ್ ಕಟ್ಟಿದರು. ಈಗ ಕೊರೆತದ ಕೂಗು ಅದಕ್ಕೂ ದಕ್ಷಿಣದ ಸೋಮೇಶ್ವರ ಉಚ್ಚಿಲದಿಂದ ಕೇಳಿಬರುತ್ತಿದೆ.

ಇನ್ನು ಕುಮಟಾದ ಅಘನಾಶಿನಿ ಅಳಿವೆಗೆ ಬನ್ನಿ. ಇಲ್ಲಿ ತೆರೆದ ಕಡಲಿಲ್ಲ, ಭರತ-ಇಳಿತದ ಉಪ್ಪುನೀರು ಇದೆ. ಮಾಣಿಕಟ್ಟಾದಂಥ ಊರುಗಳ ಗಜನಿ ಗದ್ದೆಗಳಿಗೆ ಹಿಂದಿನವರು ಮಣ್ಣಿನ ಏರಿ ಕಟ್ಟಿ, ನೀರು ಬಿಡಲು ಹಲಗೆ ಬಾಗಿಲು ಇಟ್ಟರು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಏರಿಯ ಮುಂದೆ ಕಾಂಡ್ಲಾ ಗಿಡಗಳಿದ್ದರೆ ಅವುಗಳ ಬೇರು ನೀರಿನ ಹೊಡೆತ ತಗ್ಗಿಸಿ ಕೆಸರು ಹಿಡಿಯುತ್ತದೆ. ಏರಿ ಉಳಿಯುತ್ತದೆ, ಮೀನಿನ ಮರಿಗೆ, ಏಡಿಗೆ ಮನೆಯೂ ಆಗುತ್ತದೆ. ಯಾವ ಕಾಂಕ್ರೀಟ್ ಗೋಡೆ ಮೀನು ಕೊಟ್ಟೀತು? 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಬೋರ್ಡು ಹಾಕಿದರೆ ಸಾಲದು, ಏರಿ ರಿಪೇರಿಗೆ ದುಡ್ಡೂ ಬರಬೇಕು.

ಹಾಗಂತ ಕಾಂಡ್ಲಾ ಸಸಿಯನ್ನು ಕಂಡಕಂಡಲ್ಲಿ ನೆಡುವುದೂ ತಪ್ಪೇ. ಅಲೆ ಬಡಿಯುವ ಬರೀ ಮರಳಿನಲ್ಲಿ ಅದು ಬದುಕುವುದಿಲ್ಲ, ಫೋಟೋ ಮಾತ್ರ ಉಳಿಯುತ್ತದೆ. ಚಿಪ್ಪು ಹೆಕ್ಕುವ ಜಾಗದ ಮೇಲೆಲ್ಲ ನೆಟ್ಟರೆ ಹೆಕ್ಕುವ ಹೆಂಗಸರ ಅನ್ನಕ್ಕೇ ಕುತ್ತು. ತೆರೆದ ದಂಡೆಯಲ್ಲಿ ಕಾವಲು ಕಾಯುವುದು ಮರಳದಿಬ್ಬ, ಅದರ ಮೇಲೆ ಹಬ್ಬಿ ಮರಳನ್ನು ಹಿಡಿದಿಡುವ ನೇರಳೆ ಹೂವಿನ ಬಳ್ಳಿ. ರೆಸಾರ್ಟಿಗೆ ಕಡಲು ಕಾಣಲಿ, ವಾಹನ ನಿಲ್ಲಿಸಲು ಜಾಗವಾಗಲಿ ಎಂದು ನಾವು ಮೊದಲು ಸಮ ಮಾಡುವುದೇ ಆ ದಿಬ್ಬವನ್ನು. ಉತ್ತರ ಕನ್ನಡದಲ್ಲಿ ಕಡಲಾಮೆ ಮೊಟ್ಟೆ ಇಡಲು ಬರುವುದೂ ಇಂಥ ಮರಳಿಗೇ.

ಕೈರಂಪಣಿ ಎಳೆಯುವವರಿಗೆ ಮರಳು ದಂಡೆ ಬೇಕು. ನಾಡದೋಣಿ ಎಳೆದಿಡಲು ಜಾಗ ಬೇಕು. ಕಲ್ಲಿನ ರಾಶಿ ಬಿದ್ದ ಮೇಲೆ ಎರಡೂ ಇಲ್ಲ. ಮರಳು ಯಾವ ತಿಂಗಳು ಎತ್ತ ಹೋಗುತ್ತದೆ ಎಂದು ಬಲ್ಲವರು ಇವರೇ, ಆದರೆ ಅಂದಾಜುಪಟ್ಟಿ ತಯಾರಾಗುವಾಗ ಇವರನ್ನು ಕರೆಯುವವರಿಲ್ಲ.

ಈ ಮಾತು ಜೂನ್‌ನಲ್ಲಿ ಎತ್ತಿದರೆ ಪ್ರಯೋಜನವಿಲ್ಲ, ಆಗ ಕಲ್ಲೊಂದೇ ದಾರಿ. ಕಡಲು ತಣ್ಣಗಿರುವ ಡಿಸೆಂಬರ್, ಜನವರಿಯ ಗ್ರಾಮಸಭೆಯಲ್ಲಿ ಎತ್ತಬೇಕು. ನಿಮ್ಮ ಊರಿನ ದಂಡೆಗೆ ಕಾಮಗಾರಿ ಮಂಜೂರಾಗಿದ್ದರೆ ನಕ್ಷೆ ತರಿಸಿ ನೋಡಿ. ಗೋಡೆ ಎಲ್ಲಿ ಮುಗಿಯುತ್ತದೆ, ಅದರ ಆಚೆ ಯಾರ ಮನೆ ಇದೆ ಎಂದು ಇಂಜಿನಿಯರನ್ನೇ ಕೇಳಿ. ಆ ಮನೆಯವರನ್ನೂ ಸಭೆಗೆ ಕರೆದುಕೊಂಡು ಹೋಗಿ.