‘ರಜೆಯಲ್ಲಿ ಯಾವ ಊರು ನೋಡಿ ಬಂದಿರಿ?’

ಬೋಧನಾಭ್ಯಾಸದ ಪಾಠಯೋಜನೆಗಳಲ್ಲಿ ಪೀಠಿಕಾ ಪ್ರಶ್ನೆಯಾಗಿ ಪದೇ ಪದೇ ಕಾಣುವ ಸಾಲೊಂದಿದೆ: ‘ರಜೆಯಲ್ಲಿ ಮನೆಯವರೊಂದಿಗೆ ಯಾವ ಊರು ನೋಡಿ ಬಂದಿರಿ?’ ಪಾಠ ರಾಜಧಾನಿ ಬೆಂಗಳೂರಿನದಾಗಿರಲಿ, ಪ್ರಬಂಧ ರಚನೆಯದಾಗಿರಲಿ, ಮಕ್ಕಳ ಪೂರ್ವಜ್ಞಾನ ತಿಳಿಯಲು ಇದು ಸುಲಭದ ದಾರಿ ಎಂದು ಪ್ರಶಿಕ್ಷಣಾರ್ಥಿಗಳು ನಂಬಿರುತ್ತಾರೆ. ನಿಜಕ್ಕೂ ಇದರಿಂದ ತಿಳಿಯುವುದು ಯಾರ ಮನೆಯಲ್ಲಿ ಪ್ರವಾಸಕ್ಕೆ ಹಣವಿದೆ ಎಂಬುದಷ್ಟೆ.

ನಾಲ್ಕೈದು ಕೈಗಳು ಮೇಲೇಳುತ್ತವೆ. ಲಾಲ್‌ಬಾಗ್, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ವಿಧಾನಸೌಧ, ಮೆಟ್ರೋ ಎಂಬ ಹೆಸರುಗಳು ಕಪ್ಪುಹಲಗೆ ತುಂಬುತ್ತವೆ. ಉಳಿದ ಮಕ್ಕಳು ತಲೆ ತಗ್ಗಿಸುತ್ತಾರೆ. ವೀಕ್ಷಣಾ ಪುಸ್ತಕದಲ್ಲಿ ‘ಪೀಠಿಕೆ ಚೆನ್ನಾಗಿತ್ತು’ ಎಂಬ ಷರಾ ಬೀಳುತ್ತದೆ.

ತಲೆ ತಗ್ಗಿಸಿದವರೆಲ್ಲ ಬೆಂಗಳೂರು ಕಾಣದವರೇ? ಯಾದಗಿರಿ, ರಾಯಚೂರು ಕಡೆಯ ಶಾಲೆಗಳಲ್ಲಿ ಹಾಗೆನ್ನಲಾಗದು. ಸುಗ್ಗಿ ಮುಗಿದ ಮೇಲೆ ಅಪ್ಪ-ಅವ್ವನ ಜೊತೆ ಗುಳೆ ಹೋಗಿ, ಕಟ್ಟಡ ಏಳುವ ಜಾಗದ ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಮಕ್ಕಳು ಅಲ್ಲಿದ್ದಾರೆ. ಮರಳು-ಸಿಮೆಂಟಿನ ಅಳತೆ, ಟ್ಯಾಂಕರ್ ನೀರಿನ ಸರದಿ, ಪಕ್ಕದ ಶೆಡ್ಡಿನವರಿಂದ ಕಲಿತ ಹಿಂದಿ, ಇವೆಲ್ಲ ಅವರಿಗೆ ಗೊತ್ತು. ಇದೂ ಪೂರ್ವಜ್ಞಾನವೇ. ಆದರೆ ‘ನೋಡಿ ಬಂದಿರಾ’ ಎಂದು ಕೇಳಿದಾಗ, ಅದು ತಮಗೆ ಕೇಳಿದ ಮಾತೆಂದು ಆ ಮಕ್ಕಳಿಗೆ ಅನ್ನಿಸುವುದಿಲ್ಲ.

ಹಾಗೆಂದು ‘ಗುಳೆ ಹೋದವರು ಎದ್ದು ನಿಲ್ಲಿ’ ಎನ್ನುವುದು ಇನ್ನೂ ದೊಡ್ಡ ತಪ್ಪು. ಮನೆಯ ಬಡತನವನ್ನು ತರಗತಿಯ ಮುಂದೆ ಹರಡಬಾರದು. ಪ್ರಶ್ನೆಯನ್ನು ಹೀಗೆ ತಿರುಗಿಸಬಹುದು: ‘ನಮ್ಮೂರಿನವರು ಯಾವ ಯಾವ ಕಾರಣಕ್ಕೆ ಬೆಂಗಳೂರಿಗೆ ಹೋಗುತ್ತಾರೆ?’ ಆಸ್ಪತ್ರೆ, ಕಚೇರಿ, ಮದುವೆ, ಕೂಲಿ, ಪ್ರವಾಸ ಎಲ್ಲವೂ ಸರಿಯುತ್ತರ. ತನ್ನ ಮನೆಯ ಮಾತನ್ನೇ ಹೇಳಬೇಕೆಂಬ ಒತ್ತಾಯ ಯಾರ ಮೇಲೂ ಇಲ್ಲ.

ಬಳಿಕ ಎಲ್ಲರ ಮುಂದೆ ಒಂದೇ ಚಿತ್ರ ಇಡಿ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಮೇಲೆ ಕೆಂಪೇಗೌಡ ಗೋಪುರವಿದೆ. ‘ನಮ್ಮೂರಿನ ಬಂಡೆಯ ಮೇಲೆ ಏನಿದೆ?’ ಎಂದು ಕೇಳಿ. ಅದೇ ತೋಟದ ಗಾಜಿನಮನೆಗೆ 1889ರಲ್ಲಿ ಅಡಿಗಲ್ಲು ಹಾಕಲಾಯಿತು. ‘ಇದನ್ನು ಕಟ್ಟಲು ಯಾವ ಯಾವ ಕೆಲಸದವರು ಬೇಕಾಗಿದ್ದಿರಬಹುದು?’ ಎಂದು ಕೇಳಿದರೆ, ಸೆಂಟ್ರಿಂಗ್ ಕೆಲಸ ಕಂಡ ಮಗು ಬಾಯಿ ತೆರೆಯುತ್ತದೆ. ಲಾಲ್‌ಬಾಗಿನಲ್ಲಿ ಫೋಟೋ ತೆಗೆಸಿಕೊಂಡು ಬಂದ ಮಗುವೂ ತಾನು ಗಮನಿಸದ್ದನ್ನು ಕಲಿಯುತ್ತದೆ.

ಮೇಲ್ವಿಚಾರಕರಲ್ಲೂ ಒಂದು ವಿನಂತಿ. ವೀಕ್ಷಣಾ ನಮೂನೆಯಲ್ಲಿ ಉತ್ತರಿಸಿದವರ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಅಂಕಣ ಸೇರಲಿ: ಯಾರು ಉತ್ತರಿಸಲಿಲ್ಲ, ಪ್ರಶ್ನೆಯಲ್ಲಿ ಅವರಿಗೆ ಜಾಗವಿತ್ತೇ?