ಸೋಫಾ ಗೋದಾಮಿನಲ್ಲಿರುವಾಗಲೇ ಬೆಲೆ ಇಳಿದರೆ

ಆಷಾಢದಲ್ಲಿ ಗೃಹಪ್ರವೇಶಗಳಿಲ್ಲ, ಮದುವೆಗಳಿಲ್ಲ. ಪೀಠೋಪಕರಣದ ಅಂಗಡಿಗಳಲ್ಲಿ ವ್ಯಾಪಾರ ತಣ್ಣಗಾಗುತ್ತದೆ, ಭರ್ಜರಿ ರಿಯಾಯಿತಿಯ ಬ್ಯಾನರ್‌ಗಳು ಏಳುವುದೂ ಆಗಲೇ. ಜ್ಯೇಷ್ಠದ ಮುಹೂರ್ತಕ್ಕೆಂದು 60,000 ರೂಪಾಯಿ ಕೊಟ್ಟು ಸೋಫಾ ತಂದ ಮನೆಯವರು ಎರಡು ವಾರ ಕಳೆಯುವುದರೊಳಗೆ ಅದೇ ಸೋಫಾ 48,000ಕ್ಕೆ ಸಿಗುತ್ತಿದೆ ಎಂಬ ಜಾಹೀರಾತು ಓದಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಹತ್ತು ವರ್ಷಕ್ಕೊಮ್ಮೆ ಕೊಳ್ಳುವ ವಸ್ತು ಅದು. ಮುಂದಿನ ಸಲ ಹುಷಾರಾಗಿರೋಣ ಎಂದು ಸಮಾಧಾನ ಮಾಡಿಕೊಳ್ಳಲು ಮುಂದಿನ ಸಲವೇ ದೂರ.

ಕಾನೂನು ಇಲ್ಲಿ ನೇರವಾಗಿ ಕೈ ಹಿಡಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಆದರೆ ಬೆಲೆ ಇಳಿದದ್ದು ವಸ್ತುವಿನ ದೋಷವಲ್ಲ. ಕೆಲವರು ಇದನ್ನು ತಿಳಿದು, ಇಲ್ಲದ ಗೀರು ತೋರಿಸಿ ವಾಪಸ್ ಮಾಡಲು ಹೋಗುತ್ತಾರೆ. ಅದು ಬೇಡ. ನ್ಯಾಯ ನಮ್ಮ ಕಡೆ ಇರುವಾಗ ಸುಳ್ಳಿನ ಆಸರೆ ಯಾಕೆ?

ಕೇಳುವುದಂತೂ ಕೇಳಲೇಬೇಕು, ಅದೂ ಜಾಹೀರಾತು ಕಂಡ ದಿನವೇ. ಹೋಗುವ ಮುಂಚೆ ಅದು ನಿಜಕ್ಕೂ ನಿಮ್ಮದೇ ಸೋಫಾ ಹೌದೋ ಅಲ್ಲವೋ ನೋಡಿಕೊಳ್ಳಿ. ಮಾಡೆಲ್ ನಂಬರ್ ಒಂದೇ ಇರಬೇಕು. ನಿಮ್ಮದು ಶೀಶಮ್ ಮರದ್ದಾಗಿದ್ದು ಜಾಹೀರಾತಿನದು ಎಂಜಿನಿಯರ್ಡ್ ವುಡ್ ಆಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹೊಸ ಬೆಲೆಯಲ್ಲಿ ಸಾಗಣೆ, ಜೋಡಣೆ ಸೇರಿದೆಯೇ? ಯಾವುದೋ ಬ್ಯಾಂಕಿನ ಕಾರ್ಡಿಗೆ ಮಾತ್ರವೇ? ಹಳೇ ಸೋಫಾ ಕೊಟ್ಟವರಿಗಷ್ಟೆಯೇ? ಇಷ್ಟು ತಿಳಿದುಕೊಂಡು, ಬಿಲ್ಲು ಮತ್ತು ಜಾಹೀರಾತಿನ ಫೋಟೋ ಹಿಡಿದು ನೇರವಾಗಿ ಮ್ಯಾನೇಜರ್ ಹತ್ತಿರ ಹೋಗಿ. ಸೇಲ್ಸ್ ಹುಡುಗನ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಬೆಲೆ ಅವನ ಕೈಯಲ್ಲಿಲ್ಲ. ವ್ಯತ್ಯಾಸದ ಹಣವನ್ನು ನಗದಾಗಿ ಕೊಡಲು ಅಂಗಡಿಯವರು ಹಿಂಜರಿದರೆ ಅಷ್ಟೇ ಮೊತ್ತದ ವೋಚರ್ ಕೇಳಬಹುದು, ಬೇಕಾಗಿದ್ದ ಟೀಪಾಯಿಯನ್ನೋ ಹಾಸಿಗೆಯನ್ನೋ ಅದರಲ್ಲಿ ಹೊಂದಿಸಿಕೊಳ್ಳಬಹುದು. ಒಪ್ಪಿದ್ದನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.

ಅಂಗಡಿಯವರ ಬಳಿ ಇದಕ್ಕೊಂದು ಸಿದ್ಧ ಪ್ರಶ್ನೆ ಇದೆ: ‘ನಾಳೆ ರೇಟು ಏರಿದ್ರೆ ನೀವು ಬಂದು ಹೆಚ್ಚು ಕೊಡ್ತೀರಾ ಸಾರ್?’ ಕೇಳಿದವರು ಪೆಚ್ಚಾಗಿ ಹೊರಡುತ್ತಾರೆ. ಪೆಚ್ಚಾಗಬೇಕಿಲ್ಲ. ಮರದ ಬೆಲೆ ಏರುವುದು ಇಳಿಯುವುದು ಇಬ್ಬರಿಗೂ ಗೊತ್ತಿರದ ಸಂಗತಿ, ಅದರ ಲಾಭ ನಷ್ಟ ಅವರವರಿಗೆ. ಆಷಾಢದ ರಿಯಾಯಿತಿ ಹಾಗಲ್ಲ. ಅದರ ದಿನ ನಿಗದಿ ಮಾಡಿದವರೂ ಬ್ಯಾನರಿಗೆ ಆರ್ಡರ್ ಕೊಟ್ಟವರೂ ಅವರೇ. ಮುಂದಿನ ವಾರ ಬೆಲೆ ಇಳಿಸುತ್ತೇವೆಂದು ತಿಳಿದೂ ‘ಇದೇ ಕೊನೇ ರೇಟು’ ಎಂದು ಈ ವಾರ ಬಿಲ್ಲು ಹರಿಯುವುದು ವ್ಯಾಪಾರದ ಜಾಣತನವಲ್ಲ, ನಂಬಿ ಬಂದವರಿಗೆ ಮಾಡುವ ಮೋಸ. ಅಮೆರಿಕದ ಕಾಸ್ಟ್‌ಕೋ ಮಳಿಗೆಗಳಲ್ಲಿ ಕೊಂಡ 30 ದಿನದೊಳಗೆ ಬೆಲೆ ಇಳಿದರೆ ವ್ಯತ್ಯಾಸ ಕೇಳಿ ಪಡೆಯಬಹುದು. ಅಲ್ಲಿರುವ ನಮ್ಮವರು ಪಡೆಯುತ್ತಲೂ ಇದ್ದಾರೆ. ಆ ಕಂಪನಿ ಅದರಿಂದ ಮುಳುಗಿಲ್ಲ.

ನನಗೆ ಎಲ್ಲಕ್ಕಿಂತ ಅನ್ಯಾಯವಾಗಿ ಕಾಣುವುದು ಇನ್ನೂ ಮನೆಗೆ ಬಾರದ ಸಾಮಾನಿನ ವಿಷಯ. ಸೋಫಾಕ್ಕೆ ಅರ್ಧ ಹಣ ಮುಂಗಡ ಕೊಟ್ಟಿರುತ್ತೇವೆ, ಬರುವುದು ಮೂರು ನಾಲ್ಕು ವಾರ ಕಳೆದ ಮೇಲೆ. ಅಷ್ಟು ದಿನ ನಮ್ಮ ಹಣ ಅವರ ವ್ಯಾಪಾರದಲ್ಲಿ ಓಡಾಡುತ್ತಿರುತ್ತದೆ, ಅದಕ್ಕೆ ಬಡ್ಡಿ ಇಲ್ಲ. ಆ ನಡುವೆ ಬೆಲೆ ಇಳಿಸಿ, ನಿನ್ನೆ ಮೊನ್ನೆ ಬಂದವರಿಗೆ ಕಡಿಮೆಗೆ ಕೊಟ್ಟು, ಮುಂಗಡ ಕೊಟ್ಟು ಕಾದವರಿಂದ ಹಳೇ ಬೆಲೆಯನ್ನೇ ವಸೂಲಿ ಮಾಡುವುದು ಯಾವ ಲೆಕ್ಕ? ಸಾಮಾನು ಗೋದಾಮಿನಿಂದ ಹೊರಡುವ ದಿನದವರೆಗೆ ಇಳಿದ ಬೆಲೆ ಗ್ರಾಹಕನಿಗೇ ಸಲ್ಲಬೇಕು. ಬಿಲ್ಲಿನ ಹಿಂದೆ ಅಚ್ಚು ಹಾಕಿಸುವ ಷರತ್ತುಗಳ ಸಾಲಿನಲ್ಲಿ ಇದೂ ಇರಬೇಕೆಂದು ಸರ್ಕಾರವೇ ನಿಯಮ ಮಾಡಲಿ. ಅಲ್ಲಿಯವರೆಗೆ ಮುಂಗಡ ಕೊಡುವಾಗಲೇ ಈ ಮಾತನ್ನು ರಸೀದಿಯ ಮೇಲೆ ಪೆನ್ನಿನಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳುವುದೊಂದೇ ದಾರಿ. ಹಣ ಕೈ ಬಿಡುವ ಮುಂಚೆ ಕೇಳಿದರೆ ಇದಕ್ಕೆ ಒಪ್ಪುವ ಅಂಗಡಿಗಳಿವೆ. ಆನ್‌ಲೈನ್‌ನಲ್ಲಿ ಕೊಂಡಿದ್ದು ಸಾಮಾನು ಇನ್ನೂ ಹೊರಟಿಲ್ಲವಾದರೆ, ರದ್ದು ಮಾಡಲು ಶುಲ್ಕವಿದೆಯೇ, ಇಎಂಐ ಸಾಲವೂ ಅದರೊಂದಿಗೆ ರದ್ದಾಗುತ್ತದೆಯೇ ಎಂದು ನೋಡಿಕೊಂಡು, ರದ್ದು ಮಾಡಿ ಹೊಸ ಬೆಲೆಗೆ ಮತ್ತೆ ಆರ್ಡರ್ ಹಾಕಬಹುದು.

ಇನ್ನು ‘ಶೇ 60 ರಿಯಾಯಿತಿ’ ಎನ್ನುವುದೆಲ್ಲ ನಿಜವಾದ ಇಳಿಕೆಯೂ ಅಲ್ಲ. ಬಿಸ್ಕತ್ ಪೊಟ್ಟಣದ ಮೇಲಿರುವಂತೆ ಶೋರೂಮಿನಲ್ಲಿ ನಿಲ್ಲಿಸಿದ ಮಂಚದ ಮೇಲೆ ಎಂಆರ್‌ಪಿ ಅಚ್ಚಾಗಿರುವುದು ಅಪರೂಪ. ಹೊಡೆದುಹಾಕಿದ ದೊಡ್ಡ ಅಂಕಿಯನ್ನು ಅವರು ಮನಸ್ಸಿಗೆ ಬಂದಂತೆ ಬರೆಯಬಹುದು. ವಸ್ತು ಸಾಮಾನ್ಯವಾಗಿ ಮಾರಾಟವಾಗುವ ಬೆಲೆಯ ಬಗ್ಗೆ ಜನರನ್ನು ದಾರಿ ತಪ್ಪಿಸುವುದನ್ನು ಅದೇ 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಬರೆದುಕೊಟ್ಟ ಮಾತಿಗೆ ಅಂಗಡಿ ತಪ್ಪಿದರೂ, ಇಂಥ ಸುಳ್ಳು ಬೆಲೆ ತೋರಿಸಿದ್ದರೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ದೂರು ಕೊಡಲು ಎರಡು ವರ್ಷದ ಅವಕಾಶವಿದೆ.

ಊರಿನ ಬಡಗಿಯ ಹತ್ತಿರ ಮಾಡಿಸಿದ ಮಂಚ, ಬೀರುಗಳ ವಿಷಯಕ್ಕೆ ಮಾತ್ರ ಇದ್ಯಾವುದನ್ನೂ ತರಬಾರದು. ಅವರು ಅಂದಿನ ಬೆಲೆಗೆ ಮರ ತಂದಿರುತ್ತಾರೆ, ನಿಮ್ಮ ಗೋಡೆಯ ಅಳತೆಗೆ ಕುಯ್ದಿರುತ್ತಾರೆ. ಹಬ್ಬಕ್ಕೆ ದರ ಇಳಿಸುವ ಶಕ್ತಿ ಅವರಿಗಿಲ್ಲ, ನೀವು ಬೇಡವೆಂದರೆ ಆ ಬೀರು ಇನ್ನೊಬ್ಬರ ಮನೆಗೆ ಹೊಂದುವುದೂ ಇಲ್ಲ. ಶೋರೂಮಿನ ಆಫರ್ ತೋರಿಸಿ ಅವರ ಬಾಕಿ ಹಿಡಿದುಕೊಳ್ಳುವವರನ್ನು ಕಂಡಿದ್ದೇನೆ. ಅವರ ಹತ್ತಿರ ಒಪ್ಪಿದ ಮೊತ್ತವನ್ನು ಕೆಲಸ ಮುಗಿದ ದಿನವೇ ಪೂರ್ತಿ ಕೊಟ್ಟುಬಿಡಬೇಕು.