ಬೈಸಿಕಲ್ಲಿನ ಸವಾರನೂ ಶಿರಸ್ತ್ರಾಣವೂ

ಮಲೆನಾಡಿನ ಒಂದೂರಿನಿಂದ ಸೋದರಿಯೊಬ್ಬರು ಬರೆದಿರುವ ಕಾಗದವು ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲಿದೆ. ಅವರ ಮಗನು ಈ ವರ್ಷ ಹೈಸ್ಕೂಲಿಗೆ ಸೇರಿದನು. ಶಾಲೆಯು ಮನೆಯಿಂದ ಐದು ಕಿಲೋಮೀಟರು ದೂರವಾದ್ದರಿಂದ ಹುಡುಗನಿಗೆ ಬೈಸಿಕಲ್ಲು ಬಂದಿತು. ಬೈಸಿಕಲ್ಲಿನ ಹಿಂದೆಯೇ ಮನೆಯೊಳಕ್ಕೆ ಒಂದು ವ್ಯಾಜ್ಯವೂ ಬಂದಿತು. ಬೆಂಗಳೂರಿನಲ್ಲಿರುವ ಸೋದರಮಾವನು ಅಳಿಯನಿಗಾಗಿ ಒಂದು ಹೆಲ್ಮೆಟ್ಟನ್ನು ಕಳುಹಿಸಿ, ಇದಿಲ್ಲದೆ ಹುಡುಗನನ್ನು ಹೊಸಲು ದಾಟಿಸಕೂಡದೆಂದು ತಂಗಿಗೆ ಕಟ್ಟಪ್ಪಣೆ ಮಾಡಿದ್ದಾನೆ. ಮನೆಯ ಯಜಮಾನರಾದರೋ, "ಈ ಥರ್ಮೋಕೋಲಿನ ಬುಟ್ಟಿ ಲಾರಿಯನ್ನು ತಡೆದೀತೆ? ನಾನು ಮೂವತ್ತು ವರ್ಷ ಬರಿದಲೆಯಲ್ಲಿಯೇ ತುಳಿದವನು" ಎಂದು ನಗುತ್ತಾರೆ. ಹುಡುಗನು ಇಬ್ಬರನ್ನೂ ಸಮಾಧಾನಪಡಿಸುವವನಂತೆ ಅದನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಹೋಗುತ್ತಾನಂತೆ. "ನಿಜವಾಗಿ ಬಿದ್ದಾಗ ಅದು ತಲೆಯನ್ನು ಕಾಯುವುದೋ ಇಲ್ಲವೋ, ಒಂದೇ ಮಾತಿನಲ್ಲಿ ತಿಳಿಸಿರಿ" ಎಂದು ಆ ತಾಯಿ ಕೇಳಿದ್ದಾರೆ.

ಒಂದೇ ಮಾತಿನಲ್ಲಿ ಹೇಳಬೇಕಾದರೆ, ಕಾಯುವುದು. ಆದರೆ ಎಷ್ಟು ಮಟ್ಟಿಗೆ ಕಾಯುವುದು, ಎಂತಹ ಬೀಳುವಿಕೆಯಲ್ಲಿ ಕಾಯುವುದು ಎಂಬುದನ್ನು ತಿಳಿಯದೆ ಈ ಒಂದು ಮಾತನ್ನು ಹಿಡಿದುಕೊಂಡರೆ ಯಜಮಾನರ ನಗೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಅವರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದಕಾರಣ ವಾಚಕರು ಸ್ವಲ್ಪ ಸಹನೆಯಿಂದ ಓದಬೇಕೆಂದು ಬೇಡುತ್ತೇನೆ.

ಈ ವಿಚಾರವು ವೈದ್ಯರ ಕಣ್ಣಿಗೆ ಬಿದ್ದುದು ಮೋಟಾರು ಸೈಕಲ್ಲಿನ ಅಪಘಾತಗಳಿಂದ. ಆ ಕಥೆಯಲ್ಲಿ ಬೈಸಿಕಲ್ಲೂ ಇದೆ. ೧೯೩೫ನೆಯ ಮೇ ತಿಂಗಳ ೧೩ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದಲ್ಲಿ, ಅರೇಬಿಯಾದ ಲಾರೆನ್ಸ್ ಎಂದು ಲೋಕಪ್ರಸಿದ್ಧನಾಗಿದ್ದ ಟಿ. ಇ. ಲಾರೆನ್ಸನು ತನ್ನ ಮೋಟಾರು ಸೈಕಲ್ಲಿನ ಮೇಲೆ ಮನೆಗೆ ಹಿಂದಿರುಗುತ್ತಿದ್ದನು. ದಾರಿಯ ತಗ್ಗಿನಲ್ಲಿ ಬೈಸಿಕಲ್ಲು ಹತ್ತಿ ಬರುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಅವನು ಬಿದ್ದನು, ತಲೆಗೆ ಪೆಟ್ಟಾಯಿತು, ಪ್ರಜ್ಞೆ ಮರಳಿ ಬಾರದೆಯೇ ಆರನೆಯ ದಿನ ತೀರಿಕೊಂಡನು. ಅವನನ್ನು ಪರೀಕ್ಷಿಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೊಬ್ಬನಿದ್ದನು. ಈ ಸಾವು ಅವನ ಮನಸ್ಸನ್ನು ಬಿಡಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ ಸೈನ್ಯದ ಸಂದೇಶವಾಹಕರು ಮೋಟಾರು ಸೈಕಲ್ಲುಗಳ ಮೇಲೆ ಓಡಾಡಿ, ಶತ್ರುವಿನ ಗುಂಡಿಗಲ್ಲದೆ ರಸ್ತೆಗೇ ಬಲಿಯಾಗುತ್ತಿರುವುದನ್ನು ಕಂಡು ಅವನು ಲೆಕ್ಕವಿಡಲಾರಂಭಿಸಿದನು. ಯುದ್ಧದ ಮೊದಲ ೨೧ ತಿಂಗಳುಗಳಲ್ಲಿ ಬ್ರಿಟನ್ನಿನಲ್ಲಿ ೨,೨೭೯ ಮಂದಿ ಮೋಟಾರು ಸೈಕಲ್ ಸವಾರರೂ ಹಿಂಬದಿಯವರೂ ಸತ್ತರೆಂದೂ, ಅವರಲ್ಲಿ ತಲೆಯ ಗಾಯದಿಂದ ಸತ್ತವರೇ ಬಹು ಹೆಚ್ಚೆಂದೂ, ತಾನು ಕಂಡ ಗಾಯಾಳುಗಳಲ್ಲಿ ಶಿರಸ್ತ್ರಾಣ ಧರಿಸಿದ್ದವರು ಏಳೇ ಮಂದಿಯೆಂದೂ, ಆ ಏಳರಲ್ಲಿ ಒಬ್ಬನೂ ಸಾಯಲಿಲ್ಲವೆಂದೂ ೧೯೪೧ರಲ್ಲಿ ಪ್ರಕಟಿಸಿದನು. ಅದೇ ವರ್ಷದ ನವೆಂಬರಿನಲ್ಲಿ ಸೈನ್ಯವು ತನ್ನ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. ಬ್ರಿಟನ್ನಿನ ಉಳಿದ ಜನಕ್ಕೆ ಈ ಬುದ್ಧಿ ಕಾನೂನಾಗಿ ಬಂದುದು ೧೯೭೩ರಲ್ಲಿ! ಮನುಷ್ಯನ ತಲೆಯೊಳಕ್ಕೆ ಒಂದು ವಿಷಯ ಇಳಿಯುವುದಕ್ಕೆ ಎಷ್ಟು ಕಾಲ ಹಿಡಿಯುವುದೆಂಬುದಕ್ಕೆ ಇದೂ ಒಂದು ನಿದರ್ಶನ.

ಬೈಸಿಕಲ್ಲಿನ ಹೆಲ್ಮೆಟ್ಟು ಮೋಟಾರು ಸೈಕಲ್ಲಿನದರ ತಮ್ಮನಂತೆ; ಹಗುರ, ಗಾಳಿಯಾಡಲು ಕಂಡಿಗಳುಳ್ಳದ್ದು. ಅದರ ಹೊರಗಿನ ಹೊಳೆಯುವ ಚಿಪ್ಪು ತೆಳುವಾದದ್ದು. ನಿಜವಾದ ಕೆಲಸ ಮಾಡುವುದು ಒಳಗಿನ ಬಿಳಿಯ ಪದಾರ್ಥ. ಯಜಮಾನರು ಹಾಸ್ಯಕ್ಕೆ ಹೇಳಿದ ಮಾತು ಅಕ್ಷರಶಃ ದಿಟ: ಅದು ಥರ್ಮೋಕೋಲಿನ ಜಾತಿಯದೇ, ಆದರೆ ಹೆಚ್ಚು ಒತ್ತಾಗಿ ಎರಕ ಹೊಯ್ದದ್ದು. ಗಾಜಿನ ಸಾಮಾನುಗಳನ್ನು ಪೆಟ್ಟಿಗೆಯಲ್ಲಿ ಕಳುಹಿಸುವಾಗ ಅದನ್ನೇಕೆ ಇಡುತ್ತಾರೆಂಬುದನ್ನು ಬಲ್ಲ ಗೃಹಿಣಿಗೆ ಶಿರಸ್ತ್ರಾಣದ ಶಾಸ್ತ್ರವು ಅರ್ಧ ತಿಳಿದಂತೆಯೇ ಸರಿ.

ಉಳಿದರ್ಧ ಇದು. ತಲೆಯನ್ನು ಕೆಡಿಸುವುದು ವೇಗವಲ್ಲ, ವೇಗವು ಥಟ್ಟನೆ ನಿಲ್ಲುವುದು. ಒಂದೂವರೆ ಮೀಟರು ಎತ್ತರದಿಂದ, ಎಂದರೆ ಸವಾರನ ತಲೆಯಿರುವ ಎತ್ತರದಿಂದ, ಬಿದ್ದ ವಸ್ತುವು ನೆಲ ಮುಟ್ಟುವಾಗ ಗಂಟೆಗೆ ಸುಮಾರು ೨೦ ಕಿಲೋಮೀಟರು ವೇಗದಲ್ಲಿರುತ್ತದೆ. ಬರಿದಲೆಯು ಕಲ್ಲಿಗೆ ತಗುಲಿದರೆ ಆ ವೇಗವೆಲ್ಲವೂ ನೆತ್ತಿಯ ಚರ್ಮವು ಅದುಮುವ ಎರಡು ಮೂರು ಮಿಲಿಮೀಟರುಗಳಲ್ಲಿ ಮುಗಿಯಬೇಕು; ಲೆಕ್ಕ ಹಾಕಿದರೆ ಆಗ ತಲೆಯ ಮೇಲೆ ಬೀಳುವ ಒತ್ತಡವು ಅದರ ತೂಕದ ೫೦೦ ಪಾಲಿನಷ್ಟಾಗುವುದು. ನಡುವೆ ಜಜ್ಜಿಹೋಗುವ ಪದಾರ್ಥವೊಂದಿದ್ದು ಅದು ಎರಡು ಸೆಂಟಿಮೀಟರು ಕುಸಿದರೆ, ಅದೇ ವೇಗವು ನಿಧಾನವಾಗಿ ನಿಂತು ಒತ್ತಡವು ೭೫ ಪಾಲಿಗೆ ಇಳಿಯುವುದು. ಬೆರಳಿನ ದಪ್ಪದ ಈ ಅಂತರದಲ್ಲಿಯೇ ತಲೆಬುರುಡೆ ಒಡೆಯುವುದೂ ಉಳಿಯುವುದೂ ಅಡಗಿದೆ. ಯೂರೋಪಿನಲ್ಲಿ ಇ.ಎನ್. ೧೦೭೮ ಎಂಬ ಮುದ್ರೆ ಹಾಕುವ ಮೊದಲು ಹೆಲ್ಮೆಟ್ಟನ್ನು ಲೋಹದ ತಲೆಯೊಂದಕ್ಕೆ ತೊಡಿಸಿ ಹೆಚ್ಚು ಕಡಮೆ ಇದೇ ಒಂದೂವರೆ ಮೀಟರಿನಿಂದ ಕಬ್ಬಿಣದ ಮೇಲೆ ಬೀಳಿಸುತ್ತಾರೆ. ಒತ್ತಡವು ೨೫೦ ಪಾಲನ್ನು ಮೀರಕೂಡದು. ಅಮೆರಿಕದ ನಿಯಮದಲ್ಲಿ ಎತ್ತರ ಎರಡು ಮೀಟರು, ಮಿತಿ ೩೦೦.

ಇಲ್ಲಿಯೇ ಯಜಮಾನರ ಲಾರಿಯ ಮಾತಿಗೆ ಉತ್ತರವಿದೆ. ಹೆಲ್ಮೆಟ್ಟನ್ನು ಮಾಡಿದವನೂ ಪರೀಕ್ಷಿಸಿದವನೂ ಲಾರಿಯನ್ನು ಎಣಿಸಿಯೇ ಇಲ್ಲ. ಹುಡುಗನು ಜಲ್ಲಿಯಲ್ಲಿ ಜಾರಿ, ಹಳ್ಳಕ್ಕೆ ಚಕ್ರ ಸಿಕ್ಕಿ, ನಾಯಿ ಅಡ್ಡ ಬಂದು ಬಿದ್ದು ತಲೆಯನ್ನು ನೆಲಕ್ಕೆ ಅಥವಾ ಕಲ್ಲಿನ ಅಂಚಿಗೆ ಹೊಡೆದುಕೊಳ್ಳುವನಲ್ಲ, ಅದಕ್ಕಾಗಿ ಅದು ಹುಟ್ಟಿದೆ. ಮೋಟಾರು ತಗುಲಿದರೂ ಕೊನೆಗೆ ತಲೆಯು ನೆಲಕ್ಕೋ ಗಾಜಿಗೋ ಬಡಿಯುವುದರಿಂದ ಅಲ್ಲಿಯೂ ಕೊಂಚ ನೆರವಾಗುವುದುಂಟು. ಆದರೆ ಎದೆಯ ಮೇಲೆ ಹರಿದ ಗಾಲಿಯನ್ನು ತಲೆಯ ಟೊಪ್ಪಿಗೆಯು ಏನು ಮಾಡಬಲ್ಲುದು? ಬೈಸಿಕಲ್ ಪಂದ್ಯಗಳ ಚರಿತ್ರೆಯಲ್ಲಿ ಎರಡು ಬಗೆಯ ದುಃಖವೂ ದಾಖಲಾಗಿದೆ. ಒಲಿಂಪಿಕ್ ಚಿನ್ನ ಗೆದ್ದಿದ್ದ ಇಟಲಿಯ ಫಾಬಿಯೊ ಕಾಸಾರ್ಟೆಲ್ಲಿಯು ೧೯೯೫ರಲ್ಲಿ ಫ್ರಾನ್ಸಿನ ಮಹಾಪಂದ್ಯದಲ್ಲಿ ಬೆಟ್ಟವಿಳಿಯುತ್ತ ಬಿದ್ದು, ದಾರಿಯಂಚಿನ ಕಾಂಕ್ರೀಟು ಕಟ್ಟೆಗೆ ತಲೆ ತಗುಲಿ ತೀರಿಕೊಂಡನು. ತಲೆಯ ಮೇಲೆ ಏನೂ ಇರಲಿಲ್ಲ. ೨೦೧೧ರಲ್ಲಿ ಬೆಲ್ಜಿಯಮಿನ ವೌಟರ್ ವೇಲಾಂಟನು ಇಟಲಿಯ ಪಂದ್ಯದಲ್ಲಿ ಹಾಗೆಯೇ ಇಳಿಜಾರಿನಲ್ಲಿ ಬಿದ್ದು ಸತ್ತನು. ಅವನು ಹೆಲ್ಮೆಟ್ಟು ಧರಿಸಿಯೇ ಇದ್ದನು.

ಇನ್ನೊಂದು ಕೊರತೆಯನ್ನೂ ಮುಚ್ಚಿಡಬಾರದು. ತಲೆಯು ನೆಲಕ್ಕೆ ನೇರವಾಗಿ ಬೀಳುವುದು ಅಪೂರ್ವ. ಓರೆಯಾಗಿ ತಗುಲಿ ಗಿರ್ರನೆ ತಿರುಗುವುದೇ ಹೆಚ್ಚು. ಹಾಗೆ ತಿರುಗಿದಾಗ ಬುರುಡೆಯು ಒಡೆಯದಿದ್ದರೂ ಒಳಗಿನ ಮಿದುಳು, ಪಾತ್ರೆಯನ್ನು ಥಟ್ಟನೆ ತಿರುಗಿಸಿದಾಗ ಒಳಗಿನ ಗಟ್ಟಿಮೊಸರು ಕದಡುವಂತೆ, ಕದಡಿ ಘಾಸಿಗೊಳ್ಳುವುದು. ಕೇರ್ನ್ಸನೊಡನೆ ಆಕ್ಸ್‌ಫರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಹಾಲ್ಬರ್ನ್ ಎಂಬ ಭೌತವಿಜ್ಞಾನಿಯು ಜೆಲಟಿನ್ ತುಂಬಿದ ಮಾದರಿಗಳಿಂದ ೧೯೪೩ರಲ್ಲಿಯೇ ಇದನ್ನು ತೋರಿಸಿಕೊಟ್ಟನು. ಮೇಲೆ ಹೇಳಿದ ಮುದ್ರೆಗಳ ಪರೀಕ್ಷೆಯಾದರೋ ನೇರವಾದ ಪೆಟ್ಟನ್ನು ಮಾತ್ರ ಅಳೆಯುವುದಾಗಿ ಬಂದಿದೆ. ಸ್ವೀಡನ್ನಿನ ಮಿದುಳು ವೈದ್ಯರೂ ಎಂಜಿನಿಯರುಗಳೂ ೧೯೯೬ರಿಂದ ಯೋಚಿಸಿ, ಒಳಗೆ ಸ್ವಲ್ಪ ಜಾರುವ ಪದರವೊಂದನ್ನು ಇಟ್ಟು ಈ ತಿರುವನ್ನು ತಗ್ಗಿಸುವ ಉಪಾಯ ಮಾಡಿದರು. ಅದು ಈಗ ಬೆಲೆಯುಳ್ಳ ಹೆಲ್ಮೆಟ್ಟುಗಳಲ್ಲಿ ದೊರೆಯುತ್ತದೆ. ಅದಿಲ್ಲದ್ದು ನಿರುಪಯುಕ್ತವೆಂದು ಇದರ ಅರ್ಥವಲ್ಲ.

ಇನ್ನು ನಿಜವಾಗಿ ಬಿದ್ದವರ ಲೆಕ್ಕಕ್ಕೆ ಬರೋಣ. ಅಮೆರಿಕದ ಸಿಯಾಟಲ್ ನಗರದ ಆಸ್ಪತ್ರೆಗಳಿಗೆ ತಲೆಗೆ ಗಾಯವಾಗಿ ಬಂದ ೨೩೫ ಸವಾರರನ್ನು, ಬಿದ್ದು ಬೇರೆ ಕಡೆ ಗಾಯವಾಗಿ ಬಂದ ೪೩೩ ಮಂದಿಯೊಡನೆ ಹೋಲಿಸಿ ೧೯೮೯ರಲ್ಲಿ ಒಂದು ವರದಿ ಹೊರಟಿತು. ಮೊದಲನೆಯವರಲ್ಲಿ ನೂರಕ್ಕೆ ೭ ಮಂದಿ, ಎರಡನೆಯವರಲ್ಲಿ ೨೪ ಮಂದಿ ಹೆಲ್ಮೆಟ್ಟು ಧರಿಸಿದ್ದರು. ಇದರಿಂದ ತಲೆಯ ಗಾಯದ ಸಂಭವವು ನೂರಕ್ಕೆ ೮೫ರಷ್ಟು ಕಡಮೆಯಾಗುವುದೆಂದು ಅವರು ಗಣಿಸಿದರು. ಈ ೮೫ ಎಂಬ ಅಂಕವು ಲೋಕವೆಲ್ಲ ಸುತ್ತಿತು. ಅಂಗಡಿಯವರಿಗಂತೂ ಅದು ಮಂತ್ರವಾಯಿತು. ಆದರೆ ಅನುಮಾನಿಗಳು ಕೇಳಿದ ಪ್ರಶ್ನೆಯು ನ್ಯಾಯವಾದದ್ದೇ: ಹೆಲ್ಮೆಟ್ಟು ಕೊಡಿಸುವ ಮನೆಯ ಮಕ್ಕಳು ಮೊದಲೇ ಎಚ್ಚರಿಕೆಯವರಾಗಿ, ಒಳ್ಳೆಯ ದಾರಿಯಲ್ಲಿ ಮೆಲ್ಲಗೆ ಹೋಗುವವರಾಗಿದ್ದರೆ, ಆ ಫಲವೆಲ್ಲವನ್ನೂ ಟೊಪ್ಪಿಗೆಯ ಹೆಸರಿಗೆ ಬರೆಯುವುದು ಸರಿಯೆ? ತರುವಾಯದ ಅಧ್ಯಯನಗಳಲ್ಲಿ ಅಂಕವು ಇಳಿಯುತ್ತ ಬಂದಿತು. ೨೦೧೬ರಲ್ಲಿ ಆಸ್ಟ್ರೇಲಿಯಾದ ಆಲಿವಿಯರ್ ಮತ್ತು ಕ್ರೇಟನ್ ಎಂಬಿಬ್ಬರು ೪೦ ಅಧ್ಯಯನಗಳನ್ನು, ಎಂದರೆ ೬೪,೦೦೦ಕ್ಕೂ ಮಿಕ್ಕ ಗಾಯಾಳುಗಳ ಲೆಕ್ಕವನ್ನು, ಒಟ್ಟುಗೂಡಿಸಿ ನೋಡಿದರು. ತಲೆಯ ಗಾಯವು ಸುಮಾರು ಅರ್ಧದಷ್ಟೂ, ತೀವ್ರವಾದ ಗಾಯವು ನೂರಕ್ಕೆ ೬೯ರಷ್ಟೂ, ಮುಖದ ಗಾಯವು ೩೩ರಷ್ಟೂ ಕಡಮೆಯೆಂದು ಕಂಡಿತು. ಕತ್ತಿಗೆ ಇದರಿಂದ ಕೇಡೆಂಬ ಭಯಕ್ಕೆ ಅಲ್ಲಿ ಆಧಾರ ದೊರೆಯಲಿಲ್ಲ. ಅಂಕವು ಇಳಿದುದರಿಂದ ನನಗೆ ನಂಬಿಕೆ ಇಳಿಯಲಿಲ್ಲ, ಹೆಚ್ಚಿತು. ಅತಿಶಯೋಕ್ತಿಯನ್ನು ತೂರಿದ ಮೇಲೂ ಮೊರದಲ್ಲಿ ಇಷ್ಟು ಕಾಳು ಉಳಿದಿದೆಯಲ್ಲ!

ವಿರೋಧಿಗಳ ಇನ್ನೊಂದು ವಾದವು ಕಾನೂನಿನ ವಿಷಯ. ಆಸ್ಟ್ರೇಲಿಯಾದ ವಿಕ್ಟೋರಿಯಾ ಸಂಸ್ಥಾನವು ೧೯೯೦ರ ಜುಲೈಯಲ್ಲಿ ಎಲ್ಲ ಬೈಸಿಕಲ್ ಸವಾರರಿಗೂ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದಾಗ ತಲೆಯ ಗಾಯಗಳು ಕಡಮೆಯಾದುವು. ಬೈಸಿಕಲ್ಲು ಹತ್ತುವ ಹುಡುಗ ಹುಡುಗಿಯರೂ ಕಡಮೆಯಾದರು. ಇದರಲ್ಲಿ ಯಾವುದು ಎಷ್ಟೆಂಬ ಜಗಳವು ಇಂದಿಗೂ ಮುಗಿದಿಲ್ಲ. ಇಂಗ್ಲೆಂಡಿನ ಇಯಾನ್ ವಾಕರ್ ಎಂಬ ಮನಶ್ಶಾಸ್ತ್ರಜ್ಞನು ಅಳತೆಯ ಯಂತ್ರವನ್ನು ಬೈಸಿಕಲ್ಲಿಗೆ ಕಟ್ಟಿಕೊಂಡು ತಿರುಗಿ, ತಾನು ಹೆಲ್ಮೆಟ್ಟು ಧರಿಸಿದಾಗ ಮೋಟಾರುಗಳು ಸರಾಸರಿ ಎಂಟೂವರೆ ಸೆಂಟಿಮೀಟರು ಹತ್ತಿರಕ್ಕೆ ಬಂದುವೆಂದು ೨೦೦೭ರಲ್ಲಿ ವರದಿ ಮಾಡಿದನು. ಉದ್ದ ಕೂದಲಿನ ಟೋಪನ್ ಹಾಕಿಕೊಂಡು ಹೆಂಗಸಿನಂತೆ ಕಂಡಾಗ ಹೆಚ್ಚು ಜಾಗ ಬಿಟ್ಟರಂತೆ! ಬೇರೆಯವರು ಅದೇ ಅಂಕಗಳನ್ನು ಮತ್ತೆ ಪರಿಶೋಧಿಸಿ, ಈ ವ್ಯತ್ಯಾಸದಿಂದ ಅಪಾಯವೇನೂ ಹೆಚ್ಚದೆಂದರು. ನಮ್ಮ ದೇಶದ ಮೋಟಾರು ಕಾನೂನು ಮೋಟಾರು ಸೈಕಲ್ಲಿಗೆ ಶಿರಸ್ತ್ರಾಣವನ್ನು ವಿಧಿಸಿದೆಯೇ ಹೊರತು ಬೈಸಿಕಲ್ಲಿಗಲ್ಲ. ವಿಧಿಸಬೇಕೆಂದು ನಾನು ಹೇಳಲಾರೆ. ಕೂಲಿಗೆ ಹೋಗುವವನ ಬೈಸಿಕಲ್ಲನ್ನು ಪೊಲೀಸಿನವನು ತಡೆದು ನಿಲ್ಲಿಸುವುದು ನನಗೆ ಒಪ್ಪುವ ನೋಟವಲ್ಲ. ಆದರೆ ಸೋದರಿಯು ಕೇಳಿದುದು ಸರ್ಕಾರವು ಏನು ಮಾಡಬೇಕೆಂದಲ್ಲ, ಬಿದ್ದ ಮಗನ ತಲೆ ಏನಾಗುವುದೆಂದು.

ಹಾಲೆಂಡಿನವರ ಉದಾಹರಣೆಯನ್ನು ಯಜಮಾನರು ಓದಿ ಬಲ್ಲವರಾಗಿದ್ದರೆ ಎತ್ತಿಯಾರು. ಅಲ್ಲಿ ಮುದುಕರಿಂದ ಮಕ್ಕಳವರೆಗೆ ಬಹುಮಂದಿ ಬರಿದಲೆಯಲ್ಲಿ ನಿರ್ಭಯವಾಗಿ ಹೋಗುತ್ತಾರೆ. ಅದು ಸುಮ್ಮನೆ ಬಂದ ಭಾಗ್ಯವಲ್ಲ. ೧೯೭೧ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ೪೦೦ಕ್ಕೂ ಮಿಕ್ಕಿ ಮಕ್ಕಳು ಸತ್ತ ಮೇಲೆ ತಾಯಿತಂದೆಗಳು ಬೀದಿಗಿಳಿದು ಹೋರಾಡಿ, ಮೋಟಾರಿಗೂ ಬೈಸಿಕಲ್ಲಿಗೂ ಬೇರೆಬೇರೆ ದಾರಿಗಳಾಗುವಂತೆ ಮಾಡಿದರು. ಮಲೆನಾಡಿನ ಆ ಐದು ಕಿಲೋಮೀಟರಿನಲ್ಲಿ ಅಂತಹ ದಾರಿಯಿಲ್ಲವಷ್ಟೆ.

ನನ್ನ ತಮ್ಮನ ಮಗಳು ಮೂರು ವರ್ಷದ ಹಿಂದೆ ತಿರುವಿನ ಮರಳಿನಲ್ಲಿ ಜಾರಿ ಬಿದ್ದಳು. ಮೊಣಕೈ ತರಚಿತು, ತುಟಿ ಒಡೆಯಿತು. ಅವಳ ಹೆಲ್ಮೆಟ್ಟು ಇನ್ನೂ ಅಟ್ಟದ ಮೇಲಿದೆ. ಎಡಪಕ್ಕದಲ್ಲಿ ಹೆಬ್ಬೆರಳು ಹುದುಗುವಷ್ಟು ತಗ್ಗು. ಆ ತಗ್ಗು ಅವಳ ತಲೆಯಲ್ಲಿ ಆಗಬೇಕಾಗಿದ್ದುದೆಂದು ಅವಳ ಅಜ್ಜಿ ಕಂಡವರಿಗೆಲ್ಲ ತೋರಿಸುತ್ತಾರೆ. ಹೆಲ್ಮೆಟ್ಟಿಲ್ಲದೆ ಏನಾಗುತ್ತಿತ್ತೆಂದು ಯಾರೂ ಪ್ರಮಾಣ ಮಾಡಲಾರರು. ಆದರೂ ಆ ಬಿಳಿಯ ಪದಾರ್ಥವು ಜಜ್ಜಿಹೋಗಿದೆಯೆಂದರೆ ಪೆಟ್ಟಿನ ಒಂದು ಪಾಲನ್ನು ಅದು ತಿಂದಿದೆಯೆಂದೇ ಲೆಕ್ಕ. ನೆರೆಮನೆಯ ಹುಡುಗನ ಹೆಲ್ಮೆಟ್ಟು ಬಿದ್ದಾಗ ಎರಡು ಹೋಳಾಯಿತು. ಅವರ ಮನೆಯವರು ಅದನ್ನೇ ದೊಡ್ಡ ರಕ್ಷೆಯೆಂದು ಕೊಂಡಾಡಿದರು. ನಾನು ಹೋಳುಗಳನ್ನು ಕೈಗೆ ತೆಗೆದುಕೊಂಡು ನೋಡಿದರೆ ಎಲ್ಲಿಯೂ ಅದುಮಿದ ಗುರುತಿಲ್ಲ. ಸೀಳುವುದಕ್ಕೆ ಬೇಕಾಗುವ ಶಕ್ತಿ ಅಲ್ಪ. ಆದುದರಿಂದ ಜಜ್ಜದೆ ಸೀಳಿದ ಹೆಲ್ಮೆಟ್ಟು ತನ್ನ ಕೆಲಸ ಮಾಡಿತೆಂದು ಹೇಳಲಾಗದು. ಅವರ ಸಂತೋಷವನ್ನು ಕೆಡಿಸಲಾರದೆ ಸುಮ್ಮನಿದ್ದೆ. ಆದರೆ ಮುಂದಿನದನ್ನು ಕೊಳ್ಳುವಾಗ ಒಳಗೆ ಮುದ್ರೆಯಿರುವುದನ್ನು ನೋಡಿ ತನ್ನಿರೆಂದು ಹೇಳಿದೆ.

ಆದ್ದರಿಂದ ಸೋದರಿಯು ಮೊದಲು ಸೋದರಮಾವನು ಕಳುಹಿಸಿದುದರ ಒಳಗೆ ಇ.ಎನ್. ೧೦೭೮ ಅಥವಾ ಅಮೆರಿಕದ ಸಿ.ಪಿ.ಎಸ್.ಸಿ. ಎಂಬ ಅಕ್ಷರಗಳಿವೆಯೇ ನೋಡಲಿ. ಹಿಂದಕ್ಕೆ ಸರಿಸಿ ಹಣೆಯನ್ನು ಬಯಲು ಮಾಡಿಕೊಳ್ಳುವುದು ಹುಡುಗರ ಷೋಕಿ. ಹುಬ್ಬಿನಿಂದ ಎರಡು ಬೆರಳು ಮೇಲೆ, ಮಟ್ಟವಾಗಿ ಕುಳಿತಿರಬೇಕು. ಗದ್ದದ ಪಟ್ಟಿಯು ಒಂದೆರಡು ಬೆರಳು ಮಾತ್ರ ಹಿಡಿಸುವಷ್ಟು ಬಿಗಿಯಾಗಿರಬೇಕು, ಇಲ್ಲದಿದ್ದರೆ ಪೆಟ್ಟಿಗೆ ಮೊದಲೇ ಅದು ಹಾರಿಹೋಗುವುದು. ಒಮ್ಮೆ ಗಟ್ಟಿಯಾದ ಪೆಟ್ಟು ತಿಂದದ್ದನ್ನು ಮತ್ತೆ ತೊಡಕೂಡದು. ಜಜ್ಜಿದ ಪದಾರ್ಥವು ಮರಳಿ ಉಬ್ಬುವುದಿಲ್ಲ. ಬೈಸಿಕಲ್ಲಿಂದಿಳಿದು ಮರ ಹತ್ತುವಾಗಲೂ ಜಾರುಬಂಡೆಯಾಡುವಾಗಲೂ ಚಿಕ್ಕಮಕ್ಕಳ ತಲೆಯಿಂದ ಅದನ್ನು ತೆಗೆದಿಡಬೇಕು. ಪಟ್ಟಿಯು ಕೊಂಬೆಗೋ ಸರಳಿಗೋ ಸಿಕ್ಕಿ ಕುತ್ತಿಗೆ ಬಿಗಿದ ಅನರ್ಥಗಳು ನಡೆದಿವೆ.

ಯಜಮಾನರಿಗೆ ನನ್ನದೊಂದು ವಿಜ್ಞಾಪನೆ. ಲಾರಿಯ ಭಯವು ಅವರಿಗೇ ಇರುವುದರಿಂದ ಅದರ ಉಪಾಯವೂ ಅವರ ಪಾಲಿಗೇ ಇರಲಿ. ಒಂದು ಭಾನುವಾರ ಮಗನೊಡನೆ ತಾವೂ ಒಂದು ಬೈಸಿಕಲ್ಲು ಹತ್ತಿ ಶಾಲೆಯವರೆಗೆ ಹೋಗಿ, ಹೆದ್ದಾರಿಯನ್ನು ಎಲ್ಲಿ ಬಿಡಬಹುದು, ತೋಟದ ದಾರಿಯು ಎಲ್ಲಿ ಕೂಡುತ್ತದೆ, ಎಲ್ಲಿ ಇಳಿದು ತಳ್ಳಬೇಕು ಎಂಬುದನ್ನು ತೋರಿಸಿಕೊಡಲಿ. ಹಿಂದಿನ ಕೆಂಪು ದೀಪವನ್ನೂ ಬ್ರೇಕನ್ನೂ ಸರಿಪಡಿಸಲಿ. ಆ ದಿನ ಸೋದರಮಾವನ ಹೆಲ್ಮೆಟ್ಟು ಹ್ಯಾಂಡಲಿನ ಮೇಲೆ ಇರದೆ ಹುಡುಗನ ತಲೆಯ ಮೇಲಿರಬೇಕಾದರೆ, ಇನ್ನೊಂದು ಹೆಲ್ಮೆಟ್ಟನ್ನು ಕೊಂಡು ಯಜಮಾನರೇ ಮೊದಲು ತೊಟ್ಟುಕೊಳ್ಳುವುದು ಮೇಲು. ಗೆಳೆಯರ ನಗೆಗೆ ಹೆದರುವ ಹುಡುಗನು ತಂದೆಯ ನಗೆಗೂ ಹೆದರುತ್ತಿದ್ದಾನೆಂದು ಆ ಕಾಗದವನ್ನು ಎರಡನೆಯ ಸಲ ಓದಿದಾಗ ನನಗೆ ತೋರಿತು.